ಸೀಗೆಕಾಯಿಯಲ್ಲಿ ತೊಳೆದ ಗರಿ

ನಾನು ಮದುವೆಯಾಗಿ ಕೊಲ್ಹಾರಕ್ಕೆ ಬಂದ ಮೂರನೆಯ ವರ್ಷ, ಅಂದರೆ ಐವತ್ತೆಂಟರಲ್ಲಿ, ಶಮಶಾದಬಿಯ ಪರಿಚಯವಾಯಿತು. ಐವತ್ತೊಂಬತ್ತೂ ಇರಬಹುದು. ದೀಪಾವಳಿ ಮುಗಿದು ಕೃಷ್ಣೆಯ ನೀರು ತಿಳಿಯಾಗಿತ್ತು, ಅದು ಮಾತ್ರ ಖಚಿತ. ನಾನು ಬಟ್ಟೆ ಒಗೆಯುತ್ತಿದ್ದೆ. ತುಸು ದೂರದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತ ಹೆಂಗಸೊಬ್ಬಳು ಬಿದಿರಿನ ಕೋಲಿಗೆ ಕಟ್ಟಿದ ದಾರವನ್ನು ತಲೆಯ ಮೇಲೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೀಸುತ್ತಿದ್ದಳು. ದಾರದ ತುದಿ ನೊಣದಷ್ಟು ಹಗುರಾಗಿ ನೀರಿನ ಮೇಲೆ ಕೂತಿತು.

“ಗಾಳಕ್ಕ ಹುಳಾನ ಹಾಕಿಲ್ಲಲ್ರಿ?” ಎಂದೆ.

“ಹುಳಾ ಯಾಕ? ಕೋಳಿ ಗರಿ ಐತಿ. ಮೀನಿಗಿ ನೊಣಾ ಕಂಡಂಗ ಕಾಣತೈತಿ,” ಎಂದಳು. “ನಿನ್ನ ಅರಿವಿ ಹರಕೊಂಡು ಹೊಂಟೈತಿ, ಮೊದಲ ಅದನ್ನ ಹಿಡಿ.”

ಹರಿದು ಹೊರಟಿದ್ದು ಅತ್ತೆಯ ಸೀರೆ.

ಅವಳ ತಂದೆ ಗೈಬುಸಾಬ ಹಿಂದೆ ಒಬ್ಬ ಬಿಳಿ ಸಾಹೇಬನ ಬಂಗಲೆಯಲ್ಲಿ ಅಡಿಗೆ ಮಾಡುತ್ತಿದ್ದನಂತೆ. ಸಾಹೇಬನಿಂದ ಅವನು, ಅವನಿಂದ ಮಗಳು ಈ ಗರಿಗಾಳ ಕಟ್ಟುವುದನ್ನೂ ಬೀಸುವುದನ್ನೂ ಕಲಿತಿದ್ದರು. ನಾನು ಅವಳಿಂದ ಕಲಿತೆ. ನಮ್ಮದು ಲಿಂಗಪೂಜೆಯ ಮನೆ, ಮೀನು ಮುಟ್ಟುವವರಲ್ಲ. ನನಗೆ ಮೀನೂ ಬೇಕಿರಲಿಲ್ಲ. ದಾರ ಬಿಗಿಯಾಗಿ ಕೋಲು ಬಾಗುವ ಆ ಗಳಿಗೆ ಬೇಕಿತ್ತು.

“ಹಿಡಿಯಾಕಿ ನೀ, ತಿನ್ನಾಕಿ ನಾ,” ಎಂದು ಶಮಶಾದಬಿ ನಗುತ್ತಿದ್ದಳು. “ನಿನ್ನಂಥ ಗೆಳತಿ ಎಲ್ಲಿ ಸಿಗತಾಳ?”

ಆ ಊರಿನಲ್ಲಿ ನನ್ನನ್ನು ಗೆಳತಿ ಎಂದವರು ಬೇರೆ ಯಾರೂ ಇರಲಿಲ್ಲ. ಅದಕ್ಕೇ ಇರಬೇಕು, ಈ ಗೆಳೆತನ ಎಲ್ಲಿ ನನ್ನ ಕೈಯಿಂದಲೇ ಕೆಡುವುದೋ ಎಂದು ಸದಾ ಅಂಜುತ್ತಿದ್ದೆ.

ಸಂಕ್ರಾಂತಿಯ ಮರುದಿನ ಅವಳು ಹೊಸದೊಂದು ಗರಿಗಾಳ ನನ್ನ ಅಂಗೈಯಲ್ಲಿಟ್ಟಳು. ತನ್ನ ಹುಂಜದ ಕುತ್ತಿಗೆಯ ಗರಿಯನ್ನು, ನಾನೇ ಕೊಟ್ಟಿದ್ದ ಹಳೆಯ ಇಳಕಲ್ ಸೀರೆಯ ಕೆಂಪು ಎಳೆಯಿಂದ ಎರಡು ದಿನ ಕೂತು ಕಟ್ಟಿದ್ದಳಂತೆ.

“ಇದು ನಿಂದು. ನಿನ್ನ ಮನ್ಯಾಗ ಇಟ್ಕೊ.”

ಅಲ್ಲಿಯವರೆಗೆ ಗಾಳಗಳೆಲ್ಲ ಅವಳ ಡಬ್ಬಿಯಲ್ಲೇ ಇರುತ್ತಿದ್ದವು. ಕೋಳಿಯ ಗರಿಯನ್ನು ಹೊಸ್ತಿಲ ಒಳಗೆ ಒಯ್ಯುವುದು ಹೇಗೆ? ಬೇಡ ಎನ್ನುವುದಾದರೂ ಹೇಗೆ? ಹಿತ್ತಿಲಲ್ಲಿ ಕೂತು ಅದನ್ನು ಸೀಗೆಕಾಯಿ ನೀರಿನಲ್ಲಿ ಮೂರು ಸಲ ತೊಳೆದೆ, ಮಾಳಿಗೆಯ ಮೇಲೆ ಒಣಗಿಸಿ ಸೀರೆಗಳ ನಡುವೆ ಇಟ್ಟೆ. ಎರಡು ಕಡೆಯೂ ತಪ್ಪಾಗದಂತೆ ನಡೆದುಕೊಂಡೆ ಎಂದು ಸಮಾಧಾನವಾಯಿತು.

ಮುಂದಿನ ಸಲ ಹೊಳೆಗೆ ಹೋಗಿ ಬೀಸಿದರೆ ಗರಿ ಮುಳುಗಿತು. ಮತ್ತೆ ಬೀಸಿದೆ, ಮತ್ತೆ ಮುಳುಗಿತು. ಶಮಶಾದಬಿ ದಾರ ಎಳೆದುಕೊಂಡು ಗಾಳವನ್ನು ಬಿಚ್ಚಿ ಮೂಸಿ ನೋಡಿದಳು.

“ಸೀಗಿಕಾಯಿ,” ಎಂದಳು.

ತೊಳೆದದ್ದನ್ನು ಒಪ್ಪಿಕೊಂಡೆ.

ಅವಳ ಗಂಡ ಬಾಬುಲಾಲ ಊರೂರಿಗೆ ಬಳೆ ಹೊತ್ತು ಮಾರುತ್ತಿದ್ದ. “ನಮ್ಮವ್ರು ನೀರ ಕೇಳಿದ್ರ ಮಂದಿ ಮ್ಯಾಲಿಂದ ಬೊಗಸಿಗಿ ಹೊಯ್ತಾರ. ಅದು ರೂಢಿ ಆಗೇತಿ,” ಎಂದಳು. “ನೀ ಹೇಳು. ಕೋಳಿದಂತ ತೊಳದ್ಯೋ, ನಂದಂತ ತೊಳದ್ಯೋ?”

ಕೋಳಿಯದೆಂದಷ್ಟೇ ಹೇಳಿ ಮುಗಿಸಬಹುದಿತ್ತು.

“ಕೋಳಿದಂತ ತೊಳದೆರಿ ಅಕ್ಕಾ,” ಎಂದೆ. ಆಮೇಲೆ ಸುಮ್ಮನಿರಲು ಆಗಲಿಲ್ಲ. “ನಿಮ್ಮ ಮನಿದಂತನೂ ಒಂದೀಟು ಇತ್ತೇನೋ. ಖರೇ ಹೇಳಬೇಕಂದ್ರ ನನಗ ತಿಳೀವಲ್ದು.”

ಅವಳು ದಾರವನ್ನು ಕೋಲಿಗೆ ಸುತ್ತತೊಡಗಿದಳು. ಪೂರ್ತಿ ಸುತ್ತಿದರೆ ಮತ್ತೆ ನನ್ನೆದುರು ಬಿಚ್ಚುವುದಿಲ್ಲ ಎನ್ನಿಸಿತು.

“ಇದು ಇನ್ನ ತೇಲೂದ ಇಲ್ಲೇನ್ರಿ?” ಎಂದು ಕೇಳಿದೆ.

“ಗರಿ ತೇಲೂದು ಜಿಡ್ಡಿನಿಂದ. ನೀ ಜಿಡ್ಡ ತಗದಿ. ಎಣ್ಣಿ ಹಚ್ಚಬೇಕು. ಇಲ್ಲಿ ಎಣ್ಣಿ ಎಲ್ಲಿಂದ ತರೂದು?”

ಅಂದು ಬೆಳಿಗ್ಗೆಯಷ್ಟೇ ನಾನು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದೆ. ಅವಳ ಕೈಯಿಂದ ಗಾಳ ತೆಗೆದುಕೊಂಡು ಸೆರಗು ಸರಿಸಿದೆ. ಗರಿಯನ್ನು ಬೈತಲೆಯ ಮೇಲಿಟ್ಟು ಜಡೆಯುದ್ದಕ್ಕೂ ಮೆಲ್ಲಗೆ ಎಳೆದೆ. ಎರಡನೆಯ ಸಲ ಗಾಳದ ಕೊಂಡಿ ಕೂದಲಿಗೆ ಸಿಕ್ಕಿಕೊಂಡಿತು.

“ತಡಿ, ಜಗ್ಗಬ್ಯಾಡ,” ಎಂದು ಅವಳು ಕೋಲು ಕೆಳಗಿಟ್ಟು ಬಂದಳು. ಎಳೆ ಎಳೆಯಾಗಿ ಕೂದಲು ಬಿಡಿಸಿದಳು. ಗರಿಯನ್ನು ಬೆಳಕಿಗೆ ಹಿಡಿದು, ಸಾಲದೆಂಬಂತೆ ತಾನೇ ಮತ್ತೊಮ್ಮೆ ನನ್ನ ಜಡೆಗೆ ಸವರಿದಳು.

“ಗೊತ್ತಾದ್ರ ನಿಮ್ಮತ್ತಿ ನಿನ್ನ ತಲಿಗೂ ಸೀಗಿಕಾಯಿ ಹಾಕತಾಳ.”

“ಹಾಕಲಿ ಬಿಡ್ರಿ. ಮತ್ತ ಎಣ್ಣಿ ಹಚ್ಕೊಂಡು ಬರ್ತೇನಿ.”

ಶಮಶಾದಬಿ ಕೋಲು ಎತ್ತಿಕೊಂಡಳು. ಸುತ್ತಿದ ದಾರವನ್ನು ಬಿಚ್ಚಿ, ತುದಿಗೆ ಗಾಳ ಕಟ್ಟಿ, ನನ್ನ ಕೈಗೆ ಕೊಟ್ಟಳು.