ಮರದಡಿಯ ಹುಲ್ಲು

"ಈ ಮರಕ್ಕೆ ನಿನಗೊಂದು ಉಯ್ಯಾಲೆ ಕಟ್ತೀನಿ ಕಣೇ. ಮೊದಲು ಕೆಳಗೆ ಹುಲ್ಲು ಬರಲಿ, ಬಿದ್ರೆ ನೋಯಬಾರದು," ಎಂದು ನನ್ನ ಅಪ್ಪ ನನ್ನ ಮಗಳಿಗೆ ಮಾತು ಕೊಟ್ಟಾಗ ಅವಳಿಗಿನ್ನೂ ಹಲ್ಲು ಬಂದಿರಲಿಲ್ಲ. ಈಗ ಹಾಲುಹಲ್ಲು ಬೀಳುತ್ತಿವೆ. ಮರದ ಕೆಳಗೆ ಮಾತ್ರ ಅದೇ ಬೋಳು ನೆಲ, ಅದೇ ಪಾಚಿ.

ಅಪ್ಪ ದೊಡ್ಡ ಆಟದ ಮೈದಾನವೊಂದರ ಹುಲ್ಲು ನೋಡಿಕೊಂಡೇ ನಿವೃತ್ತರಾದವರು. ಪ್ರತಿವರ್ಷ ಅದೇ ಮೈದಾನದ ಬೀಜ ತಂದು ಚೆಲ್ಲುತ್ತಾರೆ. ಮೊಳೆಯುತ್ತದೆ, ತೆಳ್ಳಗಾಗುತ್ತದೆ, ಹೋಗುತ್ತದೆ. "ಮುಂದಿನ ವರ್ಷ ನೋಡು," ಅನ್ನುತ್ತಾರೆ. ಪುಟ್ಟಿ "ತಾತ, ಉಯ್ಯಾಲೆ?" ಎಂದು ಪ್ರಾಣ ತಿನ್ನುತ್ತಿದ್ದಳು. ಈ ವರ್ಷ ಕೇಳಲೇ ಇಲ್ಲ. ಉಯ್ಯಾಲೆಗೆಂದು ಶೆಡ್ಡಿನ ಮೊಳೆಗೆ ನೇತುಹಾಕಿದ್ದ ಹಗ್ಗದ ಕಡೆ ನೋಡದೆ ಸೈಕಲ್ ತೆಗೆದುಕೊಂಡು ಹೋದಳು. ಅಪ್ಪ ಅಂದು ಸರಿಯಾಗಿ ಊಟ ಮಾಡಲಿಲ್ಲ.

ಲಾಂಡ್ರಿಯ ಪಾಳಿ ಮುಗಿಸಿ, ಕಾಲು ಬಿದ್ದುಹೋಗುವಷ್ಟು ನೋಯುತ್ತಿದ್ದರೂ ಬೀಜದ ಅಂಗಡಿಗೆ ಹೋದೆ. ಅಂಗಡಿಯಾಕೆ ನೆರಳನ್ನು ತಾಳಿಕೊಳ್ಳುವ, ಸೂಜಿಯಂಥ ಎಲೆಯ ಫೆಸ್ಕ್ಯೂ ಹುಲ್ಲಿನ ಬೀಜ ಜಾಸ್ತಿ ಕೊಟ್ಟಳು. ಬೇಗ ಮೊಳೆತು ಮಣ್ಣು ಹಿಡಿಯುವ ರೈ ಹುಲ್ಲು ಸ್ವಲ್ಪ. "ರೈ ಹೆಚ್ಚಾದ್ರೆ ಅದೇ ಯಜಮಾನಿಕೆ ಮಾಡುತ್ತೆ, ನಿಧಾನದ್ದು ಮೇಲೇಳಲ್ಲ. ಆಮೇಲೆ ಉದ್ದ ಬಿಡಿ, ಬೋಳಿಸಬೇಡಿ," ಅಂದಳು. ಆ ಕೊನೆಯ ಮಾತನ್ನು ಅಪ್ಪನಿಗೆ ಹೇಳುವುದನ್ನೇ ಆಯಾಸದಲ್ಲಿ ಮರೆತೆ.

"ನೆರಳಿಗೇ ಬೇರೆ ಹುಲ್ಲಂತೆ!" ಅಪ್ಪ ನಕ್ಕರು. "ನಾಳೆ ಮಳೆಗೊಂದು, ಚಳಿಗೊಂದು ಅಂತ ಮಾರ್ತಾರೆ. ನೀನು ಅದನ್ನೂ ತಗೋ."

ನಾನು ಹಳೇ ಸ್ನಾನದ ಟಬ್ಬಿಗೆ ಬೀಜ ಸುರಿದೆ. ಪುಟ್ಟಿ ಮೊಣಕೈವರೆಗೆ ಕೈಹಾಕಿ ಕಲೆಸಿದಳು. ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ತಡೆಯಲಾಗಲಿಲ್ಲ.

"ಹಿಟ್ಟು ನಾದ್ತಿದ್ದೀಯೇನೇ? ಒಣಮರಳು ಸೇರಿಸು. ಇಲ್ಲಾಂದ್ರೆ ಒಂದು ಕಡೆ ಕಾಡು, ಒಂದು ಕಡೆ ಬೋಳು."

"ನಿಮ್ಮ ತಲೆ ಥರಾನಾ, ತಾತ?"

"ಬಾಯಿ ನೋಡು ಇದರದ್ದು!" ಅನ್ನುತ್ತಲೇ ಮರಳಿನ ಬಕೆಟ್ ತಂದರು.

ಪಾಚಿ ಕೆರೆದು, ಮಣ್ಣು ಸಡಿಲಿಸಿ ಚೆಲ್ಲಿದೆವು. ರೈ ಮೊದಲು ಎದ್ದಿತು. ಅದರ ಸಂದಿಯಲ್ಲಿ ಕೂದಲಿನಷ್ಟು ಸಣ್ಣಗೆ ಇನ್ನೊಂದು. ಬರುಬರುತ್ತಾ ನೆಲವೇ ಕಾಣದಷ್ಟು ಹಸಿರು.

ಒಂದು ರಜೆಯ ಬೆಳಗ್ಗೆ ಹುಲ್ಲು ಕತ್ತರಿಸುವ ಯಂತ್ರದ ಸದ್ದು ಕೇಳಿ ಎದ್ದುಬಿದ್ದು ಓಡಿದೆ. ಅಪ್ಪ ಮರದ ಕೆಳಗೆ ಆಗಲೇ ಒಂದು ಪಟ್ಟಿ ಬೋಳಿಸಿದ್ದರು, ಪ್ರತಿವರ್ಷದಂತೆ ಮೈದಾನದ ಲೆಕ್ಕದಲ್ಲಿ, ನೆಲಕ್ಕೆ ಹತ್ತಿಸಿ.

"ನಿಲ್ಸಿ ಅಪ್ಪಾ!"

"ಕಾಡಾಗಿದೆಯಲ್ಲೇ. ನೋಡಿದವರು ನನ್ನನ್ನೇನಂತಾರೆ?"

"ಮೈದಾನಕ್ಕೆ ಇಡೀ ದಿನ ಬಿಸಿಲಿತ್ತು. ಇಲ್ಲಿ ಕೊಂಬೆ ಸಂದಿಯಿಂದ ಬಿದ್ದಷ್ಟೇ ಬೆಳಕು. ಎಲೆ ಉದ್ದ ಇದ್ರೇನೇ ಅದಕ್ಕೆ ಊಟ. ತಟ್ಟೆನೇ ಕಿತ್ಕೊಂಡ್ರೆ?"

ಅಪ್ಪ ಯಂತ್ರ ಆರಿಸಿದರು. ಬಾಗಿ ಆ ಪಟ್ಟಿಯ ಮೇಲೆ ಕೈಯಾಡಿಸಿದರು.

"ಹಾಗಾದ್ರೆ ಇಷ್ಟು ವರ್ಷ ಸಾಯಿಸಿದ್ದು ನಾನೇನಾ?"

"ಬೀಜಾನೂ ಸರಿ ಇರಲಿಲ್ಲ ಬಿಡಿ," ಅಂದೆ. ಅವರು ಮಂಡಿಯೂರಿ, ಯಂತ್ರದ ಚಕ್ರಗಳನ್ನು ಬಿಚ್ಚಿ, ಅಲಗು ನೆಲದಿಂದ ಆದಷ್ಟು ಎತ್ತರದಲ್ಲಿರುವಂತೆ ತಿರುಗಿ ಬಿಗಿದರು. ಬೋಳಿಸಿದ ಪಟ್ಟಿ ಹಳದಿಯಾಗಿ ಸತ್ತಿತು. ಉಳಿದದ್ದು ಉಳಿಯಿತು.

ಕೊನೆಗೂ ಹಗ್ಗ ಮೊಳೆಯಿಂದ ಇಳಿಯಿತು. "ನಾನು ದೊಡ್ಡವಳಾದೆ, ನಂಗೇನೂ ಬೇಡ," ಎಂದು ಬಿಂಕ ಮಾಡಿದ ಪುಟ್ಟಿ, ತಾತ ಕೊನೆಯ ಗಂಟು ಬಿಗಿಯುವ ಮೊದಲೇ ಹಲಗೆ ಹತ್ತಿದಳು. ಅವಳ ಕಾಲು ಉದ್ದವಾಗಿದ್ದವು. ಜೀಕಿದಾಗಲೆಲ್ಲ ಪಾದ ಹುಲ್ಲನ್ನು ಉಜ್ಜುತ್ತಿತ್ತು. ಕೆಲವೇ ದಿನಗಳಲ್ಲಿ ಅಲ್ಲಿ ಮಣ್ಣು ಕಂಡಿತು. ಹೆದರಿ ಇಳಿದುಬಿಟ್ಟಳು.

"ತಾತ, ಹುಲ್ಲು ಹೋಯ್ತು."

"ಹೋಗ್ಲಿ ಬಿಡೇ. ಅದಕ್ಕೇ ತಾನೇ ಬೆಳೆಸಿದ್ದು. ಜೀಕು."

ಅಪ್ಪ ಕೊಟ್ಟ ಮಾತು ಉಳಿಸಿಕೊಂಡರು.