ಆರು ವರ್ಷದ ಎರಡು ಇಂಚು

ನಾನು ಒಂದು ಅಳತೆ ಪಟ್ಟಿ. ಹಳದಿ ಮೈ, ಕರಿ ಅಂಕಿ, ತುದಿಗೆ ಹಿತ್ತಾಳೆ ಟೋಪಿ. ಕಾರ್ಖಾನೆಯಿಂದ ಬಂದ ನನ್ನನ್ನು ಮೊದಲು ಕೊರಳಿಗೆ ಹಾಕಿಕೊಂಡವರು ಬೈಂದೂರಿನ ದರ್ಜಿ ಪಂಡು ಮೇಸ್ತ್ರಿ. ಕಣ್ಣು ಮಂಜಾದಾಗ ಅವರು ನನ್ನನ್ನು ಶಿಷ್ಯೆ ಗುಲಾಬಿಯ ಕೊರಳಿಗೆ ದಾಟಿಸಿದರು. ಜೊತೆಗೊಂದು ಮಾತು: "ಹೊಲ್ಗಿ ಒಳ್ಗ್ ಬಟ್ಟಿ ಬಿಡ್, ಹೆಣ್ಣೇ. ಮನ್ಷ ಬೆಳೀತ, ಬಟ್ಟಿ ಬೆಳೂದಿಲ್ಲ."

ಗುಲಾಬಿಯ ಗಂಡ ಅಣ್ಣಪ್ಪ ಕೂಲಿಗೆಂದು ಸೌದಿಯ ದಮ್ಮಾಮಿಗೆ ಹೊರಡುವ ಮುನ್ನಾದಿನ ಅವಳು ಅವನ ಎದೆ ಅಳೆದಳು. ಮೂವತ್ತೆಂಟು. ಮರೆಯಬಾರದೆಂದು ಆ ಅಂಕಿಯ ಮೇಲೆ ಕೆಂಪು ಚುಕ್ಕೆ ಇಟ್ಟಳು. ನನಗೂ ಕುಂಕುಮ ಇಟ್ಟ ಹಾಗಾಯಿತು.

ಅವನನ್ನು ಕಳಿಸುವ ಏಜೆಂಟು ಕೊಟ್ಟ ಕ್ಯಾಲೆಂಡರಿನಲ್ಲಿ ಏಷ್ಯಾದ ನಕ್ಷೆ ಇತ್ತು. "ಮಂಗ್ಳೂರಿಂದ ದಮ್ಮಾಮಿಗೆ ನಾಕ್ ಗಂಟಿ ಚಿಲ್ರೆ. ಗಂಜಿ ಉಂಡ್ ಹೊರಟ್ರೆ ಮಧ್ಯಾಹ್ನದ್ ಊಟ ಅಲ್ಲಿ," ಎಂದಿದ್ದ ಏಜೆಂಟು. ಗುಲಾಬಿ ನನ್ನನ್ನು ನಕ್ಷೆಗೆ ಒತ್ತಿ ನೋಡಿದಳು. ಎರಡೇ ಇಂಚು.

"ಇದ್ ಒಂದ್ ಕಾಲರಿಗೂ ಸಾಲೂದಿಲ್ಲ," ಎಂದು ನಕ್ಕಳು.

ಕರಾರು ಎರಡು ವರ್ಷದ್ದು. ಎರಡು ಕಳೆದು ನಾಲ್ಕಾಯಿತು, ಆರಾಯಿತು. ಅಣ್ಣಪ್ಪನ ಪಾಸ್‌ಪೋರ್ಟು ಮಾಲೀಕನ ಬೀರುವಿನೊಳಗಿತ್ತು. ದಿನಾ ಅಂಗಡಿ ತೆರೆದ ಕೂಡಲೇ ಗುಲಾಬಿ ನನ್ನ ತುದಿಯನ್ನು ನಕ್ಷೆಗೆ ಒತ್ತುವಳು, ದೂರ ಏನಾದರೂ ಕಮ್ಮಿಯಾಯಿತೇ ಎಂಬಂತೆ. ನಕ್ಷೆ ಬರೆಯುವವರೇ, ಊರು ಬರೆಯುತ್ತೀರಿ, ಸಮುದ್ರ ಬರೆಯುತ್ತೀರಿ, ಆ ಬೀರುವನ್ನು ಯಾಕೆ ಬರೆಯುವುದಿಲ್ಲ? ಕೂಲಿಯವನ ದಾರಿ ವಿಮಾನದಲ್ಲಿ ನಾಲ್ಕು ಗಂಟೆ, ಬೀರುವಿನಲ್ಲಿ ಆರು ವರ್ಷ.

ಕೊನೆಗೆ ಅಲ್ಲಿನ ನಲವತ್ತು ಕೂಲಿಗಳು ಒಟ್ಟಿಗೆ ಹಾರೆ ಕೆಳಗಿಟ್ಟು ಕುಳಿತರು. ಹನ್ನೊಂದನೆಯ ದಿನ ಬೀರು ತೆರೆಯಿತು.

ಸುದ್ದಿ ಬಂದದ್ದೇ ಗುಲಾಬಿ ಅಂಗಿ ಹೊಲಿಯಲು ಕುಳಿತಳು. ಗಲ್ಫಿನಿಂದ ಬಂದವರು ಹೊಟ್ಟೆ ಬೆಳೆಸಿಕೊಂಡೇ ಬರುವುದನ್ನು ಕಂಡವಳು. ಕೆಂಪು ಚುಕ್ಕೆ ದಾಟಿ ನಲವತ್ತೆರಡಕ್ಕೆ ಕತ್ತರಿಸಿದಳು. ಮೇಸ್ತ್ರಿ ಹೇಳಿದಂತೆ ಒಳಗೂ ಬಟ್ಟೆ ಬಿಟ್ಟಳು.

ಅಣ್ಣಪ್ಪ ಬಂದ, ತೊಟ್ಟ. ಅಂಗಿ ಗೂಟಕ್ಕೆ ತಗುಲಿಹಾಕಿದಂತೆ ಜೋತಿತು. ಅವಳು ನನ್ನನ್ನು ಅವನ ಎದೆಗೆ ಸುತ್ತಿದಳು. ಮೂವತ್ತನಾಲ್ಕು. ಇನ್ನೊಮ್ಮೆ ಸುತ್ತಿ ನೋಡಿದಳು, ಅಷ್ಟೇ ಬಂತು.

"ಒಳ್ಗ್ ಇನ್ನೊಬ್ಬನ್ನ ಹಾಯ್ಕಂಡ್ ಬರ್ಕಿತ್ತಾ?" ಎಂದ ಅಣ್ಣಪ್ಪ.

"ನಗಾಡ್ಬೇಡಿ. ತೆಗ್ದ್ ಕೊಡಿ, ಸಣ್ಣ ಮಾಡ್ತೆ," ಎಂದು ಕತ್ತರಿ ಎತ್ತಿದಳು.

"ಕತ್ತರ್ಸ್‌ಬೇಡ. ಒಳ್ಗ್ ಮಡ್ಚಿ ಹೊಲಿ. ನಿನ್ನ್ ಕೈ ಮೀನ್ ಸಾರ್ ಉಂಡ್ ನಾನೇ ತುಂಬ್ಸ್ತೆ."

ವರ್ಷವರ್ಷವೂ ಅವಳು ಹೊಲಿಗೆ ಬಿಚ್ಚಿ ಒಂದಿಷ್ಟು ಬಟ್ಟೆ ಬಿಟ್ಟಳು. ಮೂರನೆಯ ವರ್ಷ ಅವನ ಎದೆ ಕೆಂಪು ಚುಕ್ಕೆ ಮುಟ್ಟಿತು. ಆಗಲೇ ಏಜೆಂಟು ಮತ್ತೆ ಬಂದ. "ಹೊಸ ಕಂಪನಿ, ಅಣ್ಣಪ್ಪ. ನಾಕೇ ಗಂಟಿ!"

ಗುಲಾಬಿಯ ಹೊಲಿಗೆ ಯಂತ್ರ ನಿಂತಿತು.

ನಕ್ಷೆಗೆ ಒತ್ತಿ ಒತ್ತಿ ಸವೆದಿದ್ದ ನನ್ನ ಮೊದಲ ಎರಡು ಇಂಚು, ಟೋಪಿಯ ಸಮೇತ, ಹಿಂದಿನ ದಿನವಷ್ಟೇ ಕಳಚಿ ಬಿದ್ದಿತ್ತು. ಅಣ್ಣಪ್ಪ ನನ್ನನ್ನು ಎತ್ತಿ ಹಿಡಿದ. "ಕಾಣಿ, ದಾರಿಯೇ ಹರ್ದ್ ಹೋಯ್ತ್. ಇನ್ ಹ್ಯಾಂಗ್ ಹೋಪುದ್?"

ಯಂತ್ರ ಮತ್ತೆ ಓಡತೊಡಗಿತು.

ಅಂಗಡಿಗೀಗ ಹೊಸ ಪಟ್ಟಿ ಬಂದಿದೆ. ನಾನು ಗೂಟದಲ್ಲಿದ್ದೇನೆ. ಗುಲಾಬಿ ನನ್ನನ್ನು ಇಳಿಸುವುದು ಗಂಡನ ಎದೆ ಅಳೆಯಲು ಮಾತ್ರ. ತುದಿ ಹೋದ ಪಟ್ಟಿ ನಾನು, ಬಂದ ಅಂಕಿಯಲ್ಲಿ ಎರಡು ಕಳೆಯಬೇಕು. ಅವಳಿಗದು ಚೆನ್ನಾಗಿ ಗೊತ್ತು. ಆದರೂ ಕಳೆಯುವುದಿಲ್ಲ.