ಮೈದಾನದಲ್ಲಿ ಎಳೆದ ಗೆರೆ

ಮರಾಠಿ ನಾಡಿನ ಕಲ್ಯಾಣದ ಕಾಲೇಜೊಂದರಲ್ಲಿ ವೇದಾ ಸಮಾಜಶಾಸ್ತ್ರದ ಹಂಗಾಮಿ ಉಪನ್ಯಾಸಕಿ. ಮೈಸೂರಿನವಳು. ಅವಳ ಪಾಠಕ್ಕೆ ಹುಡುಗರು ಬರುವುದೇ ಕಡಿಮೆ. ಬಂದವರೂ ಮೊಬೈಲ್ ನೋಡುತ್ತಿದ್ದರು. ಹೀಗೇ ಆದರೆ ಬರುವ ವರ್ಷ ಈ ವಿಷಯವೇ ಇರುವುದಿಲ್ಲ ಎಂದು ಪ್ರಾಂಶುಪಾಲರು ಹೇಳಿದ ಮೇಲೆ ಅವಳಿಗೆ ದಿಕ್ಕೇ ತೋಚಲಿಲ್ಲ.

ಒಂದು ಶುಕ್ರವಾರ ಎಲ್ಲರನ್ನೂ ಮೈದಾನಕ್ಕೆ ಕರೆದೊಯ್ದು ಸುಣ್ಣದಲ್ಲಿ ಗೆರೆ ಎಳೆದು ಸಾಲಾಗಿ ನಿಲ್ಲಿಸಿದಳು. ಅಪ್ಪ ಅಮ್ಮ ಕಾಲೇಜು ಓದಿದ್ದರೆ ಒಂದು ಹೆಜ್ಜೆ ಮುಂದೆ. ಮನೆಯೊಳಗೇ ಕಕ್ಕಸು ಇದ್ದರೆ ಇನ್ನೊಂದು. ಅಸಮಾನತೆಯ ಪಾಠ ಆಟವಾಯಿತು. ಹುಡುಗರು ನಗುತ್ತ, ನೂಕಾಡುತ್ತ ಮುಂದೆ ಹೋದರು. ಪ್ರಶ್ನೆಗಳು ಮುಗಿದಾಗ ಗೆರೆಯ ಮೇಲೆ ದಿಶಾ ಎಂಬ ಹುಡುಗಿ ಒಬ್ಬಳೇ ಉಳಿದಿದ್ದಳು. ಯಾರೋ ಫೋಟೊ ತೆಗೆದರು.

ಅಂದಿನಿಂದ ತರಗತಿ ತುಂಬತೊಡಗಿತು. ದಿಶಾ ಮಾತ್ರ ಬರಲಿಲ್ಲ. ಫೋನೂ ಎತ್ತಲಿಲ್ಲ.

ಎರಡು ವಾರ ಕಾದು ವೇದಾ ವಿಠ್ಠಲವಾಡಿಯ ಚಾಳಿನಲ್ಲಿದ್ದ ಅವಳ ಒಂದೇ ಕೋಣೆಯ ಮನೆಗೆ ಹೋದಳು. ಅಪ್ಪ ಹಣಮಂತ್ರಾಯ ಯಾದಗಿರಿ ಕಡೆಯವನು, ಗಾರೆ ಕೆಲಸದ ಗೌಂಡಿ. ಬಂದವರು ಕನ್ನಡದವರೆಂದು ತಿಳಿದು ಹಿಗ್ಗಿದ.

"ಒಳಗ ಬರ್ರಿ ಅಕ್ಕೋರ. ಕಾಲೇಜಿಗಿ ಸೂಟಿ ಅಂತ ಹೇಳ್ಯಾಳ ಮಗಳು. ಸೂಟಿ ಯಾವಾಗ ಮುಗಿತದ?"

ಅವನ ಹಿಂದೆ ನಿಂತಿದ್ದ ದಿಶಾ ಹೇಳಬೇಡಿ ಎಂದು ಕಣ್ಣಲ್ಲೇ ಬೇಡಿಕೊಂಡಳು.

"ರಜೆ ಇನ್ನೂ ಸ್ವಲ್ಪ ದಿನ ಇದೆ" ಎಂದಳು ವೇದಾ. ಅವನು ಚಹಾ ತರಲು ಹೊರಗೆ ಹೋದ.

"ತಪ್ಪಾಯ್ತು ದಿಶಾ. ನಾನು ಯೋಚ್ನೆ ಮಾಡ್ಲಿಲ್ಲ. ಎಲ್ಲರ ಮುಂದೇನೇ ಕ್ಷಮೆ ಕೇಳ್ತೀನಿ, ಬಾಮ್ಮ."

"ಮಾಫಿ ಮತ್ ಮಾಂಗೋ ಮ್ಯಾಮ್." ದಿಶಾಗೆ ಕನ್ನಡ ಅರ್ಥವಾಗುತ್ತಿತ್ತು, ಮಾತು ಮಾತ್ರ ಹಿಂದಿ. ಕ್ಷಮೆ ಕೇಳಿದರೆ ಎಲ್ಲರೂ ಮತ್ತೆ ತನ್ನನ್ನೇ ನೋಡುತ್ತಾರೆ ಎಂದಳು. ತಾನು ಎಂಥ ಮನೆಯವಳೆಂದು ಆ ಶುಕ್ರವಾರದವರೆಗೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಕಾಲೇಜಿನಲ್ಲಿ ತನಗೆ ಇದ್ದದ್ದು ಅದೊಂದೇ ಸುಖ ಎಂದಳು.

ವೇದಾ ಅವಳ ಹತ್ತಿರ ಸರಿದಳು. "ಹಾಗಾದ್ರೆ ಭಾನುವಾರ ಇಲ್ಲಿನ ರೈಲ್ವೆ ಸ್ಟೇಷನ್ನಿಗೆ ಬಾ. ಬೆಂಚಿನ ಮೇಲೆ ಕೂತು ಹೇಳ್ಕೊಡ್ತೀನಿ. ಪರೀಕ್ಷೆ ಒಂದು ಬರೆದ್ರೆ ಸಾಕು."

ಹೊರಗೆ ಅಪ್ಪನ ಹೆಜ್ಜೆ ಕೇಳಿ ದಿಶಾ ಚಹಾದ ಲೋಟ ತೊಳೆಯತೊಡಗಿದಳು.

ಮೊದಲ ಭಾನುವಾರ ವೇದಾ ಪುಸ್ತಕ ಹಿಡಿದು ಮಧ್ಯಾಹ್ನದವರೆಗೆ ವಿಠ್ಠಲವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಕುಳಿತಳು. ಎರಡನೆಯ ಭಾನುವಾರವೂ ಕುಳಿತಳು. ಲೋಕಲ್ ರೈಲುಗಳು ಬಂದು ಹೋದವು. ಮೆಟ್ಟಿಲಿಳಿದು ಬರುವವರಲ್ಲೆಲ್ಲ ಅವಳು ಒಂದೇ ಮುಖ ಹುಡುಕಿದಳು.

ಮೂರನೆಯ ಭಾನುವಾರ ದಿಶಾ ಬಂದಳು. ಮೈಮೇಲೆ ಅಂಗಡಿಯೊಂದರ ಹೆಸರಿದ್ದ ಹಳದಿ ಟೀ ಶರ್ಟು. ಠಾಣೆಯ ಮಾಜಿವಾಡಾದ ಮಾಲಿನಲ್ಲಿ ಕೆಲಸ ಸಿಕ್ಕಿತ್ತು.

"ಲೈಬ್ರರಿ ಕೀ ಹೈ" ಎಂದು ವಾಪಸು ಮಾಡಬೇಕಿದ್ದ ಒಂದು ಪುಸ್ತಕ ಕೊಟ್ಟಳು. "ಜಮಾ ಕರ್ ದೋ ಮ್ಯಾಮ್."

"ಪರೀಕ್ಷೆ?"

ಠಾಣೆ ಕಡೆಯ ಲೋಕಲ್ ಬಂತು. ದಿಶಾ ಮಹಿಳೆಯರ ಬೋಗಿಯ ಗದ್ದಲದೊಳಗೆ ನುಗ್ಗಿದಳು. ವೇದಾ ಒಂದೆರಡು ಹೆಜ್ಜೆ ಓಡಿ, ಪುಸ್ತಕ ಎದೆಗೊತ್ತಿಕೊಂಡು ನಿಂತುಬಿಟ್ಟಳು.